ಹಿಮ್ಮಡಿಗೆ ಬೇಕಾದ ಭಾರ

ನಮ್ಮ ಮೈಸೂರು, ಮಂಡ್ಯ ಕಡೆ ಹಿಮ್ಮಡಿ ನೋವು ಅಂತ ಬಾಯಿಬಿಟ್ಟರೆ ಸಾಕು, ಸಲಹೆಗಳು ಸಾಲುಗಟ್ಟಿ ಬರುತ್ತವೆ. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಕಿ ಹಿಮ್ಮಡಿ ಊರು ಅನ್ನುತ್ತಾರೆ ಮನೆಯ ಹಿರಿಯರು. ಎಕ್ಸ್‌ರೇ ತೆಗೆಸು, ಮೂಳೆ ಬೆಳೆದಿರುತ್ತೆ ಅನ್ನುತ್ತಾರೆ ಪಕ್ಕದ ಮನೆಯವರು. ಯೂರಿಕ್ ಆಸಿಡ್ ಇರಬೇಕು, ಬೇಳೆ ಬಿಡು ಅನ್ನುವವರೂ ಇದ್ದಾರೆ. ಇದೆಲ್ಲ ಮುಗಿದು, ಎಷ್ಟೋ ತಿಂಗಳು ಕಳೆದ ಮೇಲೆ ನನ್ನಂಥ ಫಿಸಿಯೋಥೆರಪಿಸ್ಟ್ ಹತ್ತಿರ ಬರುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ ಮಾತು: "ಕರೆಂಟ್ ಕೊಡ್ತೀರಾ?"

ಕರೆಂಟ್ ಅಂದರೆ ಮಷೀನು. ಅಲ್ಟ್ರಾಸೌಂಡೋ, ಇನ್ನೊಂದೋ, ಹೆಸರು ಮುಖ್ಯ ಅಲ್ಲ. ಮಲಗಬೇಕು, ಯಾರೋ ಕಾಲಿಗೆ ತಣ್ಣನೆಯ ಜೆಲ್ ಹಚ್ಚಬೇಕು, ಹತ್ತು ನಿಮಿಷ ಮಷೀನು ಕೆಲಸ ಮಾಡಬೇಕು. ಆ ಆಸೆ ನನಗೆ ಅರ್ಥವಾಗುತ್ತದೆ. ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುವವರಿಗೆ ಮಲಗಿ ಆರೈಕೆ ಮಾಡಿಸಿಕೊಳ್ಳಲು ಸಿಗುವುದು ಬಹುಶಃ ಆ ಹತ್ತು ನಿಮಿಷ ಮಾತ್ರ. ಆದರೆ ಹಿಮ್ಮಡಿ ನೋವಿಗೆ ಅದು ಔಷಧಿ ಅಲ್ಲ. ಅಮೆರಿಕದ ಫಿಸಿಯೋಥೆರಪಿಸ್ಟರು 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಸ್ಟ್ರೆಚಿಂಗ್ ಜೊತೆ ಅಲ್ಟ್ರಾಸೌಂಡ್ ಸೇರಿಸಬೇಡಿ ಎಂದೇ ಹೇಳಿದ್ದಾರೆ. ಹಾಗಾದರೆ ಬೇಕಾದ್ದು ಏನು ಅಂದರೆ, ಭಾರ. ನೋಯುವ ಕಾಲಿಗೇ ಹದವಾಗಿ, ಅಳತೆಯಾಗಿ, ದಿನ ಬಿಟ್ಟು ದಿನ ಕೊಡುವ ಭಾರ. ನೋವಿರುವ ಕಾಲಿಗೆ ಭಾರ ಹಾಕು ಅಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅಂಗಾಲಿನ ಚರ್ಮದ ಒಳಗೆ ಕೊಬ್ಬಿನ ಮೆತ್ತೆ ಇದೆ. ಅದರ ಒಳಗೆ ಒಂದು ಗಟ್ಟಿ ಪಟ್ಟಿ, ಪ್ಲಾಂಟಾರ್ ಫೇಶಿಯಾ. ಹಿಮ್ಮಡಿ ಮೂಳೆಯ ತಳದಲ್ಲಿ, ಒಳಮಗ್ಗುಲಿನ ಒಂದು ಸಣ್ಣ ಉಬ್ಬಿನಿಂದ ಶುರುವಾಗಿ, ಮುಂದೆ ಹೋಗುತ್ತಾ ಅಗಲವಾಗಿ, ಐದೂ ಬೆರಳುಗಳ ಬುಡ ಸೇರುತ್ತದೆ. ನಾವು ಹೆಜ್ಜೆ ಎತ್ತುವಾಗ ಹಿಮ್ಮಡಿ ಮೇಲೇಳುತ್ತದೆ, ಬೆರಳು ಮಾತ್ರ ನೆಲದಲ್ಲೇ ಉಳಿದು ಬಾಗುತ್ತದೆ. ಆಗ ಈ ಪಟ್ಟಿ ಬೆರಳ ಬುಡಕ್ಕೆ ಸುತ್ತಿಕೊಂಡು ಬಿಗಿಯಾಗುತ್ತದೆ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡ ಹಾಗೆ. ಬ್ರಿಟನ್ನಿನ ಹಿಕ್ಸ್ ಎಂಬುವರು 1954ರಲ್ಲಿ ಇದನ್ನು ವಿವರಿಸಿದರು. ಹಗ್ಗ ಬಿಗಿಯಾದರೆ ಅಂಗಾಲಿನ ಕಮಾನು ಮೇಲೇಳುತ್ತದೆ, ಪಾದ ಗಟ್ಟಿಯಾಗುತ್ತದೆ, ನೆಲ ಒದ್ದು ಮುಂದೆ ಹೋಗಲು ಶಕ್ತಿ ಬರುತ್ತದೆ. ಪ್ರತಿ ಹೆಜ್ಜೆಗೂ ಇದು ನಡೆಯಬೇಕು. ಪಟ್ಟಿಗೆ ತಾಳಿಕೆ ಇರುವಷ್ಟು ದಿನ ಇದೆಲ್ಲ ನಮ್ಮ ಗಮನಕ್ಕೇ ಬರುವುದಿಲ್ಲ.

ತಾಳಿಕೆಗಿಂತ ಕೆಲಸ ಜಾಸ್ತಿಯಾದಾಗ ತೊಂದರೆ ಶುರು. ಹತ್ತು ಜನರಲ್ಲಿ ಒಬ್ಬರಿಗಾದರೂ ಬದುಕಿನಲ್ಲಿ ಒಮ್ಮೆ ಈ ನೋವು ಬರುತ್ತದೆ ಎನ್ನುತ್ತಾರೆ. 40ರಿಂದ 60ರ ವಯಸ್ಸಿನವರಲ್ಲಿ ಹೆಚ್ಚು. ಬರುವುದಕ್ಕೆ ಮುಂಚೆ ಏನೋ ಒಂದು ಏಕಾಏಕಿ ಹೆಚ್ಚಾಗಿರುತ್ತದೆ, ಅದನ್ನು ಹುಡುಕುವುದೇ ನನ್ನ ಮೊದಲ ಕೆಲಸ. ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುವ ಹರಕೆ ಹೊತ್ತವರು ಬರಿಗಾಲಲ್ಲಿ, ಬಗ್ಗಿ ಎದ್ದು, ಬಗ್ಗಿ ಎದ್ದು ಸಾವಿರ ಮೆಟ್ಟಿಲು ಹತ್ತುತ್ತಾರೆ. ವರ್ಷವಿಡೀ ಸಮತಟ್ಟು ನೆಲದಲ್ಲಿ ಓಡಾಡಿದ ಕಾಲಿಗೆ ಒಂದೇ ಬೆಳಗ್ಗೆ ಅಷ್ಟೂ ಕೆಲಸ. ದಸರಾದಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿ.ಮೀ. ದಾರಿಯಲ್ಲಿ ಬಂದೋಬಸ್ತಿಗೆ ನಿಲ್ಲುವ ಪೊಲೀಸರದ್ದು ಇನ್ನೊಂದು ಬಗೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರೂ ಹೀಗೇ. ಡಾಕ್ಟರು ವಾಕ್ ಮಾಡಿ ಅಂದರು ಅಂತ ಹುಮ್ಮಸ್ಸಿನಲ್ಲಿ ಮೊದಲ ವಾರವೇ ಕುಕ್ಕರಹಳ್ಳಿ ಕೆರೆಯನ್ನು ಎರಡೆರಡು ಸುತ್ತು ಹಾಕುವವರೂ ಉಂಟು.

ಮಂಡ್ಯ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಹೆಂಗಸಿನ ಕಾಲಿನ ಬಗ್ಗೆ ಹೇಳುತ್ತೇನೆ. ಯಾವ ಮಷೀನೂ ಇಲ್ಲದೆ ಕಾಲನ್ನು ಓದುವುದು ಹೇಗೆ ಅನ್ನುವುದಕ್ಕೆ ಅವರ ಕಾಲೇ ಒಳ್ಳೆಯ ಉದಾಹರಣೆ. ಬಲಗಾಲಿನ ಹಿಮ್ಮಡಿ. ಬೆಳಗ್ಗೆ ಎದ್ದ ತಕ್ಷಣ ಕಾಲು ಊರಕ್ಕಾಗಲ್ಲ, ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಡಿಲ. ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ಒಂದು ಗಳಿಗೆ ಕೂತು ಏಳುವಾಗ ಮತ್ತೆ ಅದೇ ನೋವು. ಸಂಜೆಗೆ ಒಂದೇ ಸಮನೆ ನೋವು. ಒಂದು ಕಡೆ ಹತ್ತು ಸಿಟ್ಟಿಂಗ್ ಕರೆಂಟ್ ಕೊಡಿಸಿಕೊಂಡಿದ್ದರು. ಮಷೀನಿನ ಮೇಲಿಂದ ಎದ್ದಾಗ ಹಾಯೆನಿಸುತ್ತಿತ್ತು, ಮನೆ ಸೇರುವಷ್ಟರಲ್ಲಿ ನೋವು ವಾಪಸು.

ಈ ಮಾತುಗಳಲ್ಲೇ ಅರ್ಧ ಉತ್ತರ ಇದೆ. ಮೊದಲ ಹೆಜ್ಜೆಯ ನೋವು, ನಡೆದಂತೆ ಸಡಿಲ, ಕೂತೆದ್ದರೆ ಮತ್ತೆ ನೋವು. ಇದು ಫೇಶಿಯಾದ ಗುರುತು. ಹಾಗಂತ ಅಲ್ಲಿಗೇ ನಿಲ್ಲಿಸುವುದಿಲ್ಲ.

ಮೊದಲು ಚಪ್ಪಲಿ ನೋಡಿದೆ. ಹವಾಯಿ ಚಪ್ಪಲಿ, ಹಿಮ್ಮಡಿ ಜಾಗದಲ್ಲಿ ಸವೆದು ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. ಅದೂ ಬಸ್ಸಿಳಿದು ಶಾಲೆ ಬಾಗಿಲವರೆಗೆ ಮಾತ್ರ. ಅಡುಗೆಕೋಣೆಯಲ್ಲಿ ಬರಿಗಾಲು, ಕಲ್ಲು ನೆಲ. ಆಮೇಲೆ ಕಾಲು ಚಾಚಿಸಿ, ಹೆಬ್ಬೆರಳನ್ನು ಒಂದು ಕೈಯಲ್ಲಿ ಮೇಲಕ್ಕೆ ಬಾಗಿಸಿ, ಇನ್ನೊಂದು ಕೈಯ ಹೆಬ್ಬೆರಳಿಂದ ಅಂಗಾಲನ್ನು ಮುಂದಿನಿಂದ ಹಿಂದಕ್ಕೆ ಒತ್ತುತ್ತಾ ಬಂದೆ. ಬೆರಳು ಬಾಗಿಸಿದಾಗ ಪಟ್ಟಿ ಚರ್ಮದಡಿ ತಂತಿಯಾಗಿ ಕೈಗೆ ಸಿಗುತ್ತದೆ. ಕಮಾನಿನ ಮಧ್ಯೆ ಒತ್ತಿದರೆ ಏನೂ ಇಲ್ಲ. ಹಿಮ್ಮಡಿ ಹತ್ತಿರ ಬಂದೆ, ಮುಖ ಕಿವುಚಿದರು. ಒಳಮಗ್ಗುಲಿನ ಆ ಉಬ್ಬಿನ ಮೇಲೆ ಬೆರಳಿಟ್ಟ ತಕ್ಷಣ ಕಾಲು ಎಳೆದುಕೊಂಡು, "ಅಲ್ಲೇ, ಅದೇ ಜಾಗ" ಅಂದರು. ಇಷ್ಟು ದಿನ ಯಾರೂ ಆ ಜಾಗ ಮುಟ್ಟಿ ನೋಡಿರಲಿಲ್ಲವಂತೆ. ನನಗೆ ತುಂಬಾ ಬೇಜಾರಾಗುವುದು ಇಂಥ ಮಾತಿಗೆ. ಅಲ್ಲಿ ಬೆರಳಿಟ್ಟು ಒತ್ತುವುದಕ್ಕೆ ಕಾಸು ಖರ್ಚಿಲ್ಲ, ಒಂದು ನಿಮಿಷವೂ ಬೇಡ.

ನಿಲ್ಲಿಸಿ ಹೆಬ್ಬೆರಳು ಮೇಲಕ್ಕೆತ್ತಿದಾಗಲೂ ಅದೇ ಜಾಗ ನೋಯಿತು. ಇದು ಆ ರಾಟೆಯ ಪರೀಕ್ಷೆ. ನೋವು ಬಂದರೆ ಫೇಶಿಯಾ ಎಂದು ಧೈರ್ಯವಾಗಿ ಹೇಳಬಹುದು. ಬರಲಿಲ್ಲ ಅಂದರೆ ಫೇಶಿಯಾ ಅಲ್ಲ ಎಂದು ಹೇಳಲು ಬರುವುದಿಲ್ಲ, ಎಷ್ಟೋ ಜನರಿಗೆ ಇದರಲ್ಲಿ ನೋವು ಬರುವುದೇ ಇಲ್ಲ.

ಮುಂದೆ ಗೋಡೆ ಪರೀಕ್ಷೆ. ಗೋಡೆ ಕಡೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತಾ, ಮಂಡಿ ಇನ್ನು ತಾಗದು ಅನ್ನುವಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರ ಅಂತ ಟೇಪಲ್ಲಿ ಅಳೆಯುವುದು. ಎಡಗಾಲಿನಲ್ಲಿ 10 ಸೆಂ.ಮೀ., ಬಲಗಾಲಿನಲ್ಲಿ 6. ಅಂದರೆ ಬಲಗಾಲ್ಗಿಣ್ಣು ಮುಂದಕ್ಕೆ ಬಾಗುತ್ತಿಲ್ಲ. ಇದು ಗಿಣ್ಣಿನದ್ದೋ, ಮೀನಖಂಡದ್ದೋ? ಮಲಗಿಸಿ ಮಂಡಿ ನೆಟ್ಟಗಿಟ್ಟು ಪಾದ ಬಾಗಿಸಿದೆ, ಬಿಗಿ. ಮಂಡಿ ಮಡಿಸಿ ಬಾಗಿಸಿದೆ, ಸ್ವಲ್ಪ ಸಲೀಸು. ಮಂಡಿಯನ್ನೂ ದಾಟಿ ತೊಡೆಮೂಳೆಗೆ ಅಂಟಿಕೊಂಡಿರುವ, ಮೀನಖಂಡದ ಮೇಲಿನ ಸ್ನಾಯು ಬಿಗಿದಿದೆ ಎಂದು ಆಗ ಗೊತ್ತಾಯಿತು. ಮೀನಖಂಡ ಬಿಗಿಯಾಗಿದ್ದರೆ ನಡೆಯುವಾಗ ಹಿಮ್ಮಡಿ ಬೇಗ ಮೇಲೇಳುತ್ತದೆ, ಪಟ್ಟಿಯ ಮೇಲೆ ಎಳೆತ ಜಾಸ್ತಿಯಾಗುತ್ತದೆ. ಕೊನೆಗೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿಸಿದೆ. ಎಡಗಾಲು ಸಲೀಸಾಗಿ ಎತ್ತಿತು. ಬಲಗಾಲು ಐದಾರು ಸಲಕ್ಕೇ ನಡುಗಲು ಶುರು. ದಿನವಿಡೀ ಮೈಭಾರ ಹೊರುವ ಕಾಲು ಇಷ್ಟು ಸೋತಿದೆ ಎಂದು ಅವರಿಗೇ ಗೊತ್ತಿರಲಿಲ್ಲ.

ಬೇರೆ ಏನೋ ಇದ್ದು ಹಿಮ್ಮಡಿ ನೋವಿನ ವೇಷ ಹಾಕಿದೆಯೇ ಎಂದೂ ನೋಡಬೇಕು. ಹಿಮ್ಮಡಿ ಮೂಳೆಯನ್ನು ಎರಡೂ ಪಕ್ಕದಿಂದ ಅಮುಕಿದರೆ ಜೋರು ನೋವು ಬಂದರೆ ಮೂಳೆಯಲ್ಲಿ ಕೂದಲೆಳೆ ಬಿರುಕು ಇರಬಹುದು, ಅಂಥವರಿಗೆ ವ್ಯಾಯಾಮ ಹೇಳಿಕೊಡದೆ ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಒಳಗಿಣ್ಣಿನ ಹಿಂದೆ ತಟ್ಟಿದಾಗ ಅಂಗಾಲಿಗೆ ಜುಂ ಎಂದು ಹರಿದರೆ ಅಲ್ಲಿ ನರ ಒತ್ತಿಕೊಂಡಿರಬಹುದು. ಸೊಂಟದಿಂದ ಇಳಿದು ಬರುವ ನೋವೂ ಹಿಮ್ಮಡಿಗೆ ಬಂದು ಕೂರುತ್ತದೆ. ವಯಸ್ಸು ಇನ್ನೂ ಮೂವತ್ತು ದಾಟಿಲ್ಲ, ಎರಡೂ ಹಿಮ್ಮಡಿ ನೋವು, ಬೆಳಗ್ಗೆ ಎದ್ದರೆ ಬೆನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಮರಗಟ್ಟಿದ ಹಾಗೆ ಇರುತ್ತದೆ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅದು ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ತರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು, ವಾತರೋಗ ತಜ್ಞರು ನೋಡಲೇಬೇಕು.

ಸಕ್ಕರೆ ಕಾಯಿಲೆಯದ್ದು ಬೇರೆಯೇ ಕಥೆ. ರಾತ್ರಿ ಮಲಗಿದಾಗ ಅಂಗಾಲು ಉರಿ, ಜೋಮು, ಚಪ್ಪಲಿ ಜಾರಿ ಹೋಗಿದ್ದೂ ಗೊತ್ತಾಗುವುದಿಲ್ಲ ಅನ್ನುವವರಿಗೆ ನರದ ತೊಂದರೆ ಇರುತ್ತದೆ. ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶ ಗೊತ್ತಾಗುತ್ತದೆಯೇ ನೋಡುತ್ತೇವೆ. ಇಂಥವರು ದಯವಿಟ್ಟು ಬಿಸಿ ಇಟ್ಟಿಗೆ ಮುಟ್ಟಬೇಡಿ. ಎಕ್ಕದ ಎಲೆ ಇಟ್ಟು ಕಾಲೂರುವುದರಿಂದ ಆರೋಗ್ಯವಂತರಿಗೆ ಶಾಖದ ಹಿತ ಸಿಗಬಹುದು, ನನ್ನ ತಕರಾರಿಲ್ಲ. ಸ್ಪರ್ಶವೇ ಇಲ್ಲದ ಕಾಲಿಗೆ ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ. ಆ ಗಾಯ ಒಣಗುವುದು ಎಷ್ಟು ಕಷ್ಟ ಅಂತ ಸಕ್ಕರೆ ಕಾಯಿಲೆ ಇರುವ ಮನೆಗಳಿಗೆ ಹೇಳಬೇಕಾಗಿಲ್ಲ.

ಇನ್ನು ಎಕ್ಸ್‌ರೇ. ಅಡುಗೆಯ ಆ ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸದೆ ಜೋಪಾನವಾಗಿ ತಂದಿದ್ದರು. ಹಿಮ್ಮಡಿ ತಳದಲ್ಲಿ ಕೊಕ್ಕೆಯಾಗಿ ಸಣ್ಣ ಮೂಳೆ. "ಇದು ಚುಚ್ಚುತ್ತಲ್ವಾ?" ಎಂದು ಕೇಳಿದರು. ಚುಚ್ಚುವುದಿಲ್ಲ. ಒಂದಿಷ್ಟೂ ನೋವಿಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿ ಇಂಥದ್ದೇ ಮೂಳೆ ಇರುತ್ತದೆ. ನೋವು ಪೂರ್ತಿ ಹೋದ ಮೇಲೆ ಮತ್ತೆ ಎಕ್ಸ್‌ರೇ ತೆಗೆದರೂ ಅದು ಅಲ್ಲೇ ಇರುತ್ತದೆ. ಈ ಒಂದು ಮಾತು ಜನರಿಗೆ ಎಷ್ಟು ನೆಮ್ಮದಿ ಕೊಡುತ್ತದೆಂದರೆ, ನಾನು ಇದನ್ನು ಆತುರದಲ್ಲಿ ಯಾವತ್ತೂ ಹೇಳುವುದಿಲ್ಲ. ಕಾಲೊಳಗೆ ಮುಳ್ಳಿದೆ ಎಂದು ನಂಬಿದವರು ಹೆಜ್ಜೆಯೂರಲು ಹೆದರುತ್ತಾರೆ. ಹೆದರಿದವರು ಕಾಲಂಚಿನಲ್ಲಿ ನಡೆಯುತ್ತಾರೆ, ಮೀನಖಂಡ ಇನ್ನಷ್ಟು ಸೊರಗುತ್ತದೆ, ಆಮೇಲೆ ಮಂಡಿ, ಸೊಂಟ ಹಿಡಿದುಕೊಳ್ಳುತ್ತದೆ.

ಚಿಕಿತ್ಸೆಯಲ್ಲಿ ಮೊದಲನೆಯದು ಹಾಸಿಗೆಯಲ್ಲೇ ಮಾಡುವಂಥದ್ದು. ಕಾಲು ನೆಲಕ್ಕೆ ತಾಗುವ ಮುಂಚೆ, ನೋಯುವ ಕಾಲನ್ನು ಇನ್ನೊಂದು ಮಂಡಿಯ ಮೇಲೆ ಹಾಕಿಕೊಂಡು, ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆಯಬೇಕು. ಅಂಗಾಲಿನ ಪಟ್ಟಿ ಬಿಗಿಯಾದದ್ದು ಇನ್ನೊಂದು ಕೈಗೆ ಗೊತ್ತಾಗಬೇಕು. 10 ಸೆಕೆಂಡು ಹಿಡಿ, ಬಿಡು, ಹೀಗೆ 10 ಸಲ. ದಿನಕ್ಕೆ ಮೂರು ಹೊತ್ತು. ಅಮೆರಿಕದ ಡಿಜೊವಾನಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ವಿಧಾನ ಇದು. ಮೀನಖಂಡವನ್ನಷ್ಟೇ ಎಳೆದವರಿಗಿಂತ ಇದನ್ನು ಮಾಡಿದವರಿಗೆ ಹೆಚ್ಚು ಗುಣ ಕಂಡಿತ್ತು. ನಮ್ಮಲ್ಲಿ ತುಂಬಾ ಜನ ನೆಲದ ಮೇಲೆ ಚಾಪೆಯಲ್ಲಿ ಮಲಗುತ್ತಾರೆ. ಕುಕ್ಕರುಗಾಲಲ್ಲಿ ಏಳುವಾಗ ಬೆರಳು ಪೂರ್ತಿ ಬಾಗಿ, ಮೈಭಾರವೆಲ್ಲ ಪಟ್ಟಿಯ ಮೇಲೆ ಬೀಳುತ್ತದೆ. ಅಂದರೆ ದಿನದ ಮೊದಲ ಹೆಜ್ಜೆಗೂ ಮುಂಚೆಯೇ ಹಿಮ್ಮಡಿಗೆ ಏಟು. ಅಂಥವರಿಗೆ ನಾನು ಸ್ವಲ್ಪ ಕಾಲ ಮಂಚದ ಮೇಲೆ ಮಲಗಿ ಅನ್ನುತ್ತೇನೆ. ಮಂಚ ಇಲ್ಲದಿದ್ದರೆ ಪಕ್ಕಕ್ಕೆ ಒಂದು ಸ್ಟೂಲ್ ಇಟ್ಟುಕೊಂಡು, ಕೈಯೂರಿ ಏಳಲಿ.

ಬೆಳಗ್ಗೆ ನಾಲ್ಕೂವರೆಗೆ ನಲ್ಲಿ ನೀರು ಬರುವ ಮನೆಗಳಲ್ಲಿ ಹಾಸಿಗೆ ಮೇಲೆ ಕೂತು ಕಾಲು ಎಳೆಯಲು ಬಿಡುವೆಲ್ಲಿ, ಅಲ್ವಾ? ಅದಕ್ಕೇ ಗಂಡನೋ ಮಗಳೋ ಜೊತೆಗೆ ಬಂದಿದ್ದರೆ ಅವರನ್ನೂ ಒಳಗೆ ಕೂರಿಸಿಕೊಂಡು ಹೇಳುತ್ತೇನೆ. ಮೊದಲ ಬಿಂದಿಗೆ ಇನ್ಯಾರಾದರೂ ಹಿಡಿಯಲಿ. ಇದೂ ಚಿಕಿತ್ಸೆಯದ್ದೇ ಭಾಗ.

ಎರಡನೆಯದು, ನಾನು ಎಲ್ಲಕ್ಕಿಂತ ನಂಬಿರುವುದು, ಭಾರ. ಒಂದು ಟವೆಲ್ ಸುತ್ತಿ ಮೆಟ್ಟಿಲಂಚಿನಲ್ಲಿಟ್ಟು, ಅದರ ಮೇಲೆ ಬೆರಳು ಏರಿಸಿ, ಹಿಮ್ಮಡಿಯನ್ನು ಹೊರಗೆ ಬಿಟ್ಟು ನಿಲ್ಲಬೇಕು. ಟವೆಲ್ ಇರುವುದು ಬೆರಳು ಮೇಲಕ್ಕೆ ಬಾಗಿರಲಿ ಎಂದು, ಆಗಲೇ ಪಟ್ಟಿಗೆ ಕೆಲಸ ಸಿಗುವುದು. ಗೋಡೆ ಹಿಡಿದು, 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತು, ಮೇಲೆ 2 ಸೆಕೆಂಡು ನಿಲ್ಲು, 3 ಸೆಕೆಂಡಿನಲ್ಲಿ ಇಳಿ. 12 ಸಲದ ಮೂರು ಸುತ್ತು. ದಿನ ಬಿಟ್ಟು ದಿನ. ಎರಡು ವಾರದ ಮೇಲೆ ಬೆನ್ನಿಗೊಂದು ಚೀಲ ಹಾಕಿ ಭಾರ ಹೆಚ್ಚಿಸಿ, 10 ಸಲದ ನಾಲ್ಕು ಸುತ್ತು. ಇನ್ನೂ ಎರಡು ವಾರಕ್ಕೆ ಮತ್ತಷ್ಟು ಭಾರ, 8 ಸಲದ ಐದು ಸುತ್ತು. ಡೆನ್ಮಾರ್ಕಿನ ರಾತ್‌ಲೆಫ್ ಮತ್ತು ಸಂಗಡಿಗರು 48 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಮೂರನೇ ತಿಂಗಳಿಗೆ, ಬರೀ ಸ್ಟ್ರೆಚ್ ಮಾಡಿದವರಿಗಿಂತ ಭಾರ ಎತ್ತಿದವರಿಗೆ ಸ್ಪಷ್ಟವಾಗಿ ಹೆಚ್ಚು ಗುಣ. ವರ್ಷದ ಕೊನೆಗೆ ಎರಡೂ ಗುಂಪು ಸುಮಾರು ಒಂದೇ ಕಡೆ ಬಂದು ನಿಂತಿದ್ದವು. ಹಾಗಾದರೆ ಇಷ್ಟು ಕಷ್ಟ ಯಾಕೆ ಎಂದು ಕೇಳಬಹುದು. ದಿನಗೂಲಿಯಲ್ಲಿ, ಗೌರವಧನದಲ್ಲಿ ಬದುಕುವವರಿಗೆ ಮೂರನೇ ತಿಂಗಳಿಗೇ ಗುಣವಾಗುವುದು ತುಂಬಾ ದೊಡ್ಡ ವಿಷಯ. ನನಗೆ ಅಷ್ಟು ಕಾರಣ ಸಾಕು.

ಮಾಡುವಾಗ ನೋವು ಬರುತ್ತದೆ. ತಡೆದುಕೊಳ್ಳುವಷ್ಟು ಬಂದರೆ ಪರವಾಗಿಲ್ಲ. ಮಾರನೇ ಬೆಳಗಿನ ಮೊದಲ ಹೆಜ್ಜೆ ಎಂದಿಗಿಂತ ಜಾಸ್ತಿ ನೋಯಿತು ಅಂದರೆ ಭಾರ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮೊದಲು ಎರಡೂ ಕಾಲಲ್ಲಿ ಎತ್ತಿ, ಆಮೇಲೆ ಒಂಟಿಕಾಲು.

ಮೆಟ್ಟಿಲು ಎಂದಾಗ ಅಡುಗೆಯ ಅಮ್ಮ ಸ್ವಲ್ಪ ಯೋಚನೆ ಮಾಡಿದರು. ಅವರ ಮನೆಯಲ್ಲಿ ಎತ್ತರಕ್ಕೆ ಇರುವುದು ಹೊಸ್ತಿಲೊಂದೇ. ದಿನಾ ಅರಿಶಿನ ಕುಂಕುಮ ಇಡುವ ಹೊಸ್ತಿಲ ಮೇಲೆ ನಿಲ್ಲುವುದುಂಟೇ? ಬೇಡವೇ ಬೇಡ. ಹಿತ್ತಲ ಬಾಗಿಲಾಚೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗಟ್ಟಿ ಸೈಜುಗಲ್ಲು ಇತ್ತಂತೆ, ಅದೇ ಆಯಿತು. ಭಾರಕ್ಕೆ ಮಗನ ಹಳೇ ಸ್ಕೂಲ್ ಬ್ಯಾಗು, ಒಳಗೆ ಅಕ್ಕಿ. ಮೊದಲು ಎರಡು ಕೆಜಿ, ಆಮೇಲೆ ಐದು. ಅಕ್ಕಿ ತೂಕ ಹಾಕುವುದು ಅವರಿಗೆ ನಾನು ಹೇಳಿಕೊಡಬೇಕಿರಲಿಲ್ಲ.

ಚಪ್ಪಲಿಯದ್ದೂ ಇದೇ ಥರ. ಪುಸ್ತಕದಲ್ಲಿ ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಎಂದಿರುತ್ತದೆ. ನಮ್ಮ ಅಡುಗೆಮನೆಗೆ, ದೇವರ ಮನೆಗೆ ಚಪ್ಪಲಿ ಬರುವುದಿಲ್ಲ. ಕೆಲವರು ಮನೆಯೊಳಗಿಗೆಂದೇ ಬೇರೆ ಎಂಸಿಆರ್ (ಮೆತ್ತನೆ ರಬ್ಬರಿನ) ಚಪ್ಪಲಿ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಒಪ್ಪುವ ಮನೆಗಳಲ್ಲಿ ಅದೇ ಸುಲಭ. ಒಪ್ಪದ ಕಡೆ ನಾನು ಟೇಪ್ ಕಟ್ಟುತ್ತೇನೆ. ಅಂಗಾಲಿನ ಸುತ್ತ, ಕಮಾನಿಗೆ ಆಸರೆಯಾಗಿ ಕಟ್ಟಿದ ಟೇಪು ಚರ್ಮಕ್ಕೇ ಅಂಟಿರುವುದರಿಂದ ಯಾರ ಮಡಿಗೂ ಅಡ್ಡಿಯಿಲ್ಲ. ಮೊದಲ ಒಂದೆರಡು ವಾರ ಇದರಿಂದ ಒಳ್ಳೆ ಆರಾಮ ಸಿಗುತ್ತದೆ. ನೀರು ತಾಗಿದರೆ ಸಡಿಲವಾಗುತ್ತದೆ ಅನ್ನುವುದೊಂದು ಕಷ್ಟ. ಒಲೆ ಮುಂದೆ, ಸಿಂಕಿನ ಮುಂದೆ ಒಂದು ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ ಎಂದೂ ಹೇಳುತ್ತೇನೆ. ಇನ್‌ಸೋಲ್ ಬೇಕೆನ್ನುವವರಿಗೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಹಿಮ್ಮಡಿ ಮೆತ್ತೆ ಸಾಕು. ಪಾದದ ಅಚ್ಚು ತೆಗೆದು ಸಾವಿರಾರು ರೂಪಾಯಿಗೆ ಮಾಡಿಕೊಡುವಂಥದ್ದು ಅದಕ್ಕಿಂತ ಹೆಚ್ಚೇನೂ ಮಾಡಿದ್ದನ್ನು ನಾನು ಕಂಡಿಲ್ಲ.

ಇಂಜೆಕ್ಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸ್ಟೀರಾಯ್ಡ್ ಚುಚ್ಚಿದರೆ ಕೆಲವು ವಾರ ನೋವು ತಗ್ಗುತ್ತದೆ, ನಿಜ. ಪಟ್ಟಿ ಹರಿಯುವ ಅಪಾಯ, ಹಿಮ್ಮಡಿಯ ಕೊಬ್ಬು ಕರಗುವ ಅಪಾಯ ಎರಡೂ ಇವೆ, ಅದೂ ನಿಜ. ನೋವು ಕಡಿಮೆಯಾಯಿತೆಂದು ಮಾರನೇ ದಿನವೇ ಬೆಟ್ಟ ಹತ್ತಬಾರದು. ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಗುಣವಾಗದವರಿಗೆ, ಮಷೀನಿನಿಂದ ಹಿಮ್ಮಡಿಗೆ ಒತ್ತಡದ ಅಲೆ ಕೊಡುವ ಶಾಕ್‌ವೇವ್ ಚಿಕಿತ್ಸೆ ಇದೆ. ಆಪರೇಷನ್ ಬೇಕಾಗುವವರು ತೀರಾ ಕಡಿಮೆ. ಹತ್ತರಲ್ಲಿ ಎಂಟೊಂಬತ್ತು ಮಂದಿ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆಯೇ ಸುಧಾರಿಸುತ್ತಾರೆ. ಈ ಮಾತನ್ನು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಭಯ ಇಳಿಯುತ್ತದೆ.

ಬಿಸಿಯೂಟದ ಅಮ್ಮನಿಗೆ ಮೊದಲ ತಿಂಗಳು ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಎರಡನೇ ತಿಂಗಳಲ್ಲಿ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗತೊಡಗಿದರು. ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಗೋಡೆ ಪರೀಕ್ಷೆಯಲ್ಲಿ ಬಲಗಾಲು 9 ಸೆಂ.ಮೀ. ಮುಟ್ಟಿತ್ತು. ಇನ್ನು ಸಾಕಲ್ವಾ ಎಂದು ಕೇಳಿದರು. ನನಗೆ ಚಿಂತೆ ಇದ್ದದ್ದೇ ಆ ರಜೆಯದ್ದು. ಏಪ್ರಿಲ್, ಮೇ ಕಾಲಿಗೆ ಕೆಲಸ ಕಡಿಮೆ. ಶಾಲೆ ಶುರುವಾದ ಮೊದಲ ದಿನವೇ ಮತ್ತೆ ಅಷ್ಟೂ ಹೊತ್ತು ಕಲ್ಲು ನೆಲದ ಮೇಲೆ ನಿಲ್ಲಬೇಕು, ತುಂಬಿದ ಪಾತ್ರೆ ಎತ್ತಬೇಕು. ಹೋದ ವರ್ಷ ಅವರ ನೋವು ಶುರುವಾದದ್ದೂ ಜೂನ್ ತಿಂಗಳಲ್ಲೇ. ಹಾಗಾಗಿ ರಜೆಯಲ್ಲೂ ವಾರಕ್ಕೆ ಮೂರು ಸಲ ಸೈಜುಗಲ್ಲಿನ ಮೇಲೆ ನಿಲ್ಲುವುದು ತಪ್ಪಬಾರದು, ಮೇ ಕೊನೆಗೆ ಬ್ಯಾಗಿನಲ್ಲಿ ಐದು ಕೆಜಿಗಿಂತ ಕಡಿಮೆ ಅಕ್ಕಿ ಇರಬಾರದು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ತರಕಾರಿ ಹೆಚ್ಚುವ ಕೆಲಸವನ್ನಾದರೂ ಕೂತು ಮಾಡಲು ಒಂದು ಸ್ಟೂಲ್ ಕೊಡಿ ಎಂದು ಹೆಡ್‌ಮಾಸ್ಟರಿಗೆ ಇನ್ನೊಂದು ಚೀಟಿ ಬರೆದೆ. ಸ್ಟೂಲ್ ಬಂದಿದೆಯಂತೆ, ರಬ್ಬರ್ ಮ್ಯಾಟ್ ಇನ್ನೂ ಬರಬೇಕು.